ಹನ್ನೊಂದು ಟ್ಯಾಂಕುಗಳ ಮೇಸ್ತ್ರಿ

ಫಿರಂಗಿ ಮೈದಾನದ ಕಚೇರಿಯ ಕಾಗದಗಳಲ್ಲಿ ಅವರ ಹುದ್ದೆಗೆ ‘ಗುರಿಪಾಲಕ’ ಎಂಬ ಗಂಭೀರವಾದ ಹೆಸರಿತ್ತು. ಆ ಹೆಸರು ಹಿಡಿದು ಅವರನ್ನು ಕರೆದವರು ಮಾತ್ರ ಒಬ್ಬರೂ ಇರಲಿಲ್ಲ. ಗೇಟು ಕಾಯುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವರು ಮೇಸ್ತ್ರಿ. ಮೇಸ್ತ್ರಿ ಎಂದರೆ ಕೈಕೆಳಗೆ ನಾಲ್ಕು ಆಳುಗಳಾದರೂ ಇರಬೇಕಲ್ಲವೆ? ಇವರ ಕೈಕೆಳಗೆ ಇದ್ದದ್ದು ಹನ್ನೊಂದು ಹಳೆಯ ಟ್ಯಾಂಕುಗಳು.

ಒಂದು ಕಾಲದಲ್ಲಿ ನೆಲ ನಡುಗಿಸುತ್ತ ಓಡಾಡಿದ ಬಂಡಿಗಳು ಅವು. ಮುಪ್ಪು ಬಂದ ಮೇಲೆ ಸೈನ್ಯದವರು ಎಂಜಿನ್ನು ಬಿಚ್ಚಿಕೊಂಡು, ಎಣ್ಣೆ ಬಸಿದುಕೊಂಡು, ಬರಿಯ ಉಕ್ಕಿನ ಮೈಯನ್ನು ಎಳೆದು ತಂದು ಬಯಲಿನ ನಡುವೆ ನಿಲ್ಲಿಸಿದ್ದರು. ಹೊಸ ಫಿರಂಗಿಗಾರರು ದೂರದ ದಿಬ್ಬದ ಮೇಲಿನಿಂದ ಅವುಗಳಿಗೆ ಗುರಿಯಿಟ್ಟು ಹೊಡೆದು ಕೈ ಪಳಗಿಸಿಕೊಳ್ಳಬೇಕು. ಹೊಡೆತ ತಿಂದವುಗಳ ಯೋಗಕ್ಷೇಮ ಮೇಸ್ತ್ರಿಯದು. ವಾಲಿದ್ದನ್ನು ಜಾಕಿ ಕೊಟ್ಟು ನೆಟ್ಟಗೆ ಮಾಡುವುದು, ಕಳಚಿಕೊಂಡ ತಗಡನ್ನು ತಂತಿ ಹಾಕಿ ಬಿಗಿಯುವುದು, ಮಸಿ ಹಿಡಿದ ಮೈಗೆ ಬಿಳಿ ಬಣ್ಣ ಬಳಿದು ಅದರ ಮೇಲೆ ಆಳೆತ್ತರದ ಕರಿಯ ಅಂಕಿ ಬರೆಯುವುದು. ಅಂಕಿ ಕಾಣದಿದ್ದರೆ ಯಾರ ಗುಂಡು ಯಾವುದಕ್ಕೆ ಬಿತ್ತೆಂದು ಗೋಪುರದಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.

“ಹೊಡೆಸಿಕೊಳ್ಳೋಕೆ ನಿಂತಿರೋರಿಗೆ ಇಷ್ಟೊಂದು ಸಿಂಗಾರ ಯಾಕೆ ಮೇಸ್ತ್ರಿ?” ಎಂದು ಗೇಟಿನವನು ಕೆಣಕುತ್ತಿದ್ದ.

“ಹೊಡೆಯೋರಿಗೆ ಕಾಣ್ಬೇಕಲ್ಲಪ್ಪ. ನಿನ್ನ ಹಾಗೆ ಬೂದಿ ಬಣ್ಣದಲ್ಲಿ ನಿಂತ್ರೆ ಯಾರು ನೋಡ್ತಾರೆ?” ಎಂದು ಮೇಸ್ತ್ರಿ ಅವನ ಸಮವಸ್ತ್ರದ ಕಡೆ ಗದ್ದ ಚಾಚಿ ತೋರಿಸುತ್ತಿದ್ದರು.

ಇಪ್ಪತ್ತೇಳು ವರ್ಷ ಒಡನಾಡಿದ ಮೇಲೆ ಕಬ್ಬಿಣಕ್ಕೂ ಒಂದು ಮುಖ ಬರುತ್ತದೆ. ಮೂರನೆಯದಕ್ಕೆ ಮೇಲಿನ ಬುರುಡೆಯೇ ಹಾರಿಹೋಗಿತ್ತು, ಅದು ಬೋಳಣ್ಣ. ಎಂಟನೆಯದರ ನಳಿಗೆ ಬಾಗಿ ನೆಲ ಮುಟ್ಟಿತ್ತು, ಅದು ನಾಚಿಕೆಯವಳು. ಎಲ್ಲಕ್ಕಿಂತ ದೊಡ್ಡದಾದ ಆರನೆಯದು ಒಂದು ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು, ಅದು ದೊಡ್ಡಮ್ಮ. ಹೊಸಬರ ಗುಂಡು ಅಷ್ಟು ದೂರ ಸರಿಯಾಗಿ ಹೋಗುವುದು ಅಪರೂಪವಾದ್ದರಿಂದ ದೊಡ್ಡಮ್ಮನಿಗೆ ಏಟು ಕಡಿಮೆ. ಅದನ್ನು ಕಂಡುಕೊಂಡಿದ್ದ ಒಂದು ಜೋಡಿ ಪಾರಿವಾಳ ಅವಳ ಹೊಟ್ಟೆಯೊಳಗೆ, ಮೇಲಿನ ಕಂಡಿಯಿಂದ ಇಣುಕಿದರೆ ಕಾಣುವಂಥ ಒಂದು ಅಡ್ಡಪಟ್ಟಿಯ ಮೇಲೆ, ಗೂಡು ಮಾಡಿಕೊಂಡಿತ್ತು.

ಗುಂಡು ಹಾರುವ ದಿನ ಬೆಳಗ್ಗೆ ಮೇಸ್ತ್ರಿಗೆ ಇನ್ನೊಂದು ಕೆಲಸವಿತ್ತು. ನಿಜ ಹೇಳಬೇಕೆಂದರೆ ಅದೇ ಮುಖ್ಯವಾದ ಕೆಲಸ. ಬಹಳ ಹಿಂದೆ ಒಮ್ಮೆ ಗುಜರಿ ಆಯುವ ಮೂವರು ಬಿಸಿಲಿಗೆ ಹೆದರಿ ಟ್ಯಾಂಕಿನೊಳಗೆ ಮಲಗಿಬಿಟ್ಟಿದ್ದರಂತೆ. ಕೂದಲೆಳೆಯಲ್ಲಿ ಬದುಕಿದರು. ಅಂದಿನಿಂದ ಒಂದು ನಿಯಮವಾಯಿತು. ಗುರಿಪಾಲಕನು ಪ್ರತಿಯೊಂದು ಟ್ಯಾಂಕಿನ ಮೇಲೂ ಹತ್ತಿ, ಕಂಡಿಯೊಳಗೆ ತಲೆ ಹಾಕಿ ಮೂರು ಸಲ ಕೂಗಬೇಕು. ಕೂಗಿ ಇಪ್ಪತ್ತರವರೆಗೆ ಎಣಿಸುತ್ತ ಉತ್ತರಕ್ಕೆ ಕಾಯಬೇಕು. ಉತ್ತರವಿಲ್ಲದಿದ್ದರೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು ಮುಂದಕ್ಕೆ ಹೋಗಬೇಕು. ತಲೆಗಿಂತ ಹೆಚ್ಚೇನನ್ನೂ ಒಳಗೆ ಇಡಕೂಡದು; ಸಿಡಿಯದೆ ಉಳಿದ ಗುಂಡು ಎಲ್ಲಿರುತ್ತದೋ ಬಲ್ಲವರಾರು? ಮುಂಭಾಗದಲ್ಲಿ ಚಾಲಕ ಕೂರುವ ಗುಂಡಿ ಕಂಡಿಯಿಂದ ಕಾಣುವುದೂ ಇಲ್ಲ. ಆದ್ದರಿಂದ ಅಲ್ಲಿ ಕಣ್ಣಿನ ಕೆಲಸ ಸ್ವಲ್ಪ. ಕಿವಿಯ ಕೆಲಸವೇ ಬಹಳ.

“ಒಳಗೆ ಯಾರಾದ್ರೂ ಇದ್ದೀರಾ? ಇದ್ರೆ ಹೇಳಿ!”

ಮೇಸ್ತ್ರಿಯ ಈ ಕೂಗು ಗೇಟಿನವರೆಗೂ ಕೇಳಿಸುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಯಾರೂ ಉತ್ತರ ಕೊಟ್ಟಿರಲಿಲ್ಲ. ದೊಡ್ಡಮ್ಮನೊಳಗೆ ಕೂಗಿದಾಗ ಮಾತ್ರ ಆ ಪಾರಿವಾಳಗಳು ಗಾಬರಿಯಾಗಿ ಅವರ ಕೆನ್ನೆ ಸವರಿಕೊಂಡು ಹೊರಕ್ಕೆ ಹಾರುತ್ತಿದ್ದವು.

ಈ ಮೇಸ್ತ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹುಟ್ಟಿನಿಂದ ಬಂದದ್ದಲ್ಲ. ಅಷ್ಟು ವರ್ಷ ಫಿರಂಗಿಯ ಮಗ್ಗುಲಲ್ಲೇ ಬದುಕಿದರೆ ಯಾವ ಕಿವಿ ತಾನೆ ಉಳಿದೀತು? ಮೊದಲು ಬಲಗಿವಿಯಲ್ಲಿ ಜೀರುಂಡೆ ಕೂತ ಹಾಗೆ ಗುಂಯ್‌ಗುಟ್ಟಿತು. ಆಮೇಲೆ ಆ ಜೀರುಂಡೆ ಎಡಗಿವಿಗೂ ಬಂತು. ಕೊನೆಗೆ ನಾಲ್ಕು ವರ್ಷದ ಹಿಂದೆ, ಜೀರುಂಡೆಯೂ ಸೇರಿದಂತೆ ಎಲ್ಲವೂ ನಿಂತುಹೋಯಿತು. ಫಿರಂಗಿಯ ಸದ್ದು ಕೂಡ ಆಮೇಲೆ ಅವರಿಗೆ ಎದೆಗೂಡಿನಲ್ಲಿ ಒಂದು ಗುದ್ದು ಮಾತ್ರ.

ಮೊದಲು ತಿಳಿದದ್ದು ಹೆಂಡತಿಗೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯುತ್ತಿದ್ದಾಗ, ಹಿತ್ತಲಿನಿಂದ ಆಕೆ ಗಂಟಲು ಹರಿಯುವಂತೆ ಕೂಗಿದರೂ ಅವರು ಪಕ್ಕದಲ್ಲೇ ಕುಳಿತು ಹರಿದ ಚಪ್ಪಲಿ ಹೊಲಿದುಕೊಳ್ಳುತ್ತಿದ್ದರು. ಆಕೆ ಬಂದು ಒಲೆ ಆರಿಸಿ, ಅವರ ಎದುರು ಕುಕ್ಕರಗಾಲಲ್ಲಿ ಕುಳಿತು, ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ಕೇಳಿದರು: “ಎಷ್ಟು ದಿನ ಆಯ್ತು?”

“ಯಾರಿಗೂ ಹೇಳ್ಬೇಡ ಕಣೆ,” ಎಂದಿದ್ದರು ಮೇಸ್ತ್ರಿ. ಕಿವುಡನಿಗೆ ಗುರಿಪಾಲಕನ ಕೆಲಸ ಯಾರು ಕೊಡುತ್ತಾರೆ? ಕೆಲಸ ಹೋದರೆ ಆ ಎರಡು ಕೋಣೆಯ ಸರ್ಕಾರಿ ಮನೆಯೂ ಹೋಗುತ್ತದೆ. ಮಗಳಿಗೆ ಹೇಳಿದರೆ ಅಳಿಯನಿಗೆ, ಅಳಿಯನಿಂದ ಇನ್ನೊಬ್ಬರಿಗೆ, ಹೀಗೆ ಬಾಯಿಂದ ಬಾಯಿಗೆ ಹೋಗಿ ಒಂದು ದಿನ ಕಚೇರಿಗೆ ಮುಟ್ಟದೆ ಇರುತ್ತದೆಯೆ? ಗಂಡಹೆಂಡಿರಿಬ್ಬರೂ ಆ ಗುಟ್ಟನ್ನು ಮನೆಯೊಳಗೇ ಬಚ್ಚಿಟ್ಟರು. ಬಾಗಿಲು ತಟ್ಟಿದ್ದನ್ನು, ಹಾಲಿನವನು ಬಂದದ್ದನ್ನು ಆಕೆ ಕಣ್ಣಿನಲ್ಲೇ ತಿಳಿಸುತ್ತಿದ್ದರು. ಸಾಲು ಮನೆಗಳವರ ಮುಂದೆ ಗಂಡನಿಗಿಂತ ಅರ್ಧ ಹೆಜ್ಜೆ ಮುಂದೆ ನಿಂತು, ಬಂದ ಮಾತಿಗೆಲ್ಲ ತಾವೇ ಉತ್ತರ ಕೊಡುತ್ತಿದ್ದರು. “ಮೇಸ್ತ್ರಿ ಹೆಂಡ್ತಿ ಗಂಡನಿಗೆ ಬಾಯಿ ಬಿಡೋಕೇ ಬಿಡಲ್ಲ” ಎಂಬ ಕೆಟ್ಟ ಹೆಸರನ್ನೂ ಹೊತ್ತರು. ಮುಂದಿನ ವರ್ಷ ಆಕೆಯೇ ಹೋಗಿಬಿಟ್ಟರು. ಮೂರು ದಿನದ ಜ್ವರ, ಅಷ್ಟೆ.

ಆಮೇಲೆ ಮೇಸ್ತ್ರಿ ಒಬ್ಬರೇ ಆ ಗುಟ್ಟನ್ನು ಕಾದರು. ಅಂಗಡಿಗೆ ಹೋದರೆ ಸಾಮಾನಿನ ಚೀಟಿ ಬರೆದುಕೊಂಡು ಹೋಗುವರು. ನಾಲ್ಕು ಜನ ನಕ್ಕರೆ ತಾವೂ ನಗುವರು, ನಾಲ್ವರು ನಿಲ್ಲಿಸುವ ಮೊದಲೇ ನಿಲ್ಲಿಸುವರು. ಎದುರಿನವರ ತುಟಿ ಓದುವುದನ್ನು ತಕ್ಕಮಟ್ಟಿಗೆ ಕಲಿತಿದ್ದರು. ಹಳೆಯ ಸಾಹೇಬರದು ಬೋಳು ಮುಖ. ಅವರ ಮಾತು ಅಚ್ಚುಹಾಕಿದ ಹಾಗೆ ಕಾಣುತ್ತಿತ್ತು. ಹೊಸದಾಗಿ ಬಂದ ಸಾಹೇಬರಿಗೆ ಪೊದೆಯಂಥ ಮೀಸೆ. ಮಾತು ಆ ಪೊದೆಯೊಳಗೆ ಹುಟ್ಟಿ ಅಲ್ಲೇ ಸಾಯುತ್ತಿತ್ತು. ಅವರ ಮುಂದೆ ಮೇಸ್ತ್ರಿ “ಆಗಲಿ ಸಾಹೇಬ್ರೆ” ಎಂಬ ಒಂದೇ ಮಾತಿನಲ್ಲಿ ದಿನ ತಳ್ಳುತ್ತಿದ್ದರು.

ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಇರುತ್ತಿತ್ತಲ್ಲ, ಅದರಲ್ಲಿ ಹೇಗೆ ಪಾರಾದರು ಎಂದು ಕೇಳಬಹುದು. ಅದರ ಕಥೆ ಬೇರೆ. ಕಿವಿ ಪರೀಕ್ಷೆ ಮಾಡುವವನು ಆಸ್ಪತ್ರೆಯ ಕಾಂಪೌಂಡರು. ಬೆನ್ನು ತಿರುಗಿಸಿ ನಿಲ್ಲಿಸಿ, ಹತ್ತು ಹೆಜ್ಜೆ ದೂರದಿಂದ ಒಂದು ಸಂಖ್ಯೆಯನ್ನು ಪಿಸುಗುಟ್ಟುವನು. ನಿಂತವರು ಅದನ್ನು ತಿರುಗಿ ಹೇಳಬೇಕು. ಆ ಪುಣ್ಯಾತ್ಮ ಕೆಲಸಕ್ಕೆ ಸೇರಿದಂದಿನಿಂದ ಪಿಸುಗುಟ್ಟಿದ್ದು ಒಂದೇ ಸಂಖ್ಯೆ, ಅರವತ್ತೆರಡು. ಹೊಸದೊಂದನ್ನು ಯೋಚಿಸುವ ಶ್ರಮ ಅವನಿಗೇಕೆ? ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, “ಅರವತ್ತೆರಡು” ಎನ್ನುವರು. ಕಾಂಪೌಂಡರು ಸರಿ ಎಂದು ಬರೆದುಕೊಳ್ಳುವನು.

ಮಗಳ ಮುಂದೆ ಮಾತ್ರ ಈ ಜಾಣತನವೆಲ್ಲ ಸೋಲುತ್ತಿತ್ತು. ಆಕೆ ಮದುವೆಯಾಗಿ ಇನ್ನೊಂದು ಊರಿನಲ್ಲಿದ್ದಳು. ಭಾನುವಾರ ಹತ್ತು ಗಂಟೆಗೆ ಗೇಟಿನ ಕೋಣೆಯ ಫೋನಿಗೆ ಕರೆ ಮಾಡುತ್ತಿದ್ದಳು. ತಾಯಿ ಇದ್ದಾಗ ತಾಯಿ ಮಾತಾಡುವಳು. ಈಗ ಗೇಟಿನವನು ಮನೆಗೆ ಬಂದು ಕೈಸನ್ನೆ ಮಾಡಿ ಕರೆದೊಯ್ದು, ಮೇಸ್ತ್ರಿಯ ಕೈಗೆ ಫೋನು ಕೊಡುವನು. ಕಪ್ಪಗೆ ತಣ್ಣಗಿರುವ ಆ ಸತ್ತ ವಸ್ತುವನ್ನು ಕಿವಿಗೆ ಒತ್ತಿಕೊಂಡು ಮೇಸ್ತ್ರಿ ತಮ್ಮ ಸುದ್ದಿಯನ್ನೆಲ್ಲ ಹೇಳುವರು. ಬಣ್ಣ ಬಂದದ್ದು, ಬೋಳಣ್ಣ ವಾಲಿದ್ದು, ಪಾರಿವಾಳ ಮೊಟ್ಟೆಯಿಟ್ಟದ್ದು. “ನೀನು ಹೇಗಿದ್ದೀಯ ಮಗಳೆ?” ಎಂದು ಕೇಳಿ, ಟ್ಯಾಂಕಿಗೆ ಕೊಡುವ ಗಡುವನ್ನೇ ಮಗಳಿಗೂ ಕೊಟ್ಟು, ಇಪ್ಪತ್ತರವರೆಗೆ ಎಣಿಸುವರು. ಎಣಿಸಿ ಮುಗಿದ ಮೇಲೆ “ಒಳ್ಳೇದಾಯ್ತು ಬಿಡು” ಎನ್ನುವರು. ಮತ್ತೆ ತಮ್ಮ ಸುದ್ದಿ. ಕೊನೆಗೆ ಇಟ್ಟುಬಿಡುವರು.

ಹೀಗೆ ಎರಡೂವರೆ ವರ್ಷ ನಡೆಯಿತು. ಆಮೇಲೆ ಒಂದು ಭಾನುವಾರ ಗೇಟಿನವನು ಕರೆಯಲು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಮೇಸ್ತ್ರಿ ತಾವೇ ಹೋಗಿ ಗೇಟಿನ ಕೋಣೆಯ ಬೆಂಚಿನ ಮೇಲೆ ಕುಳಿತರು. ಗೇಟಿನವನು ಎರಡು ಅಂಗೈಯನ್ನೂ ಅಗಲಿಸಿದ. “ಮಾಡ್ಲಿಲ್ಲ ಮೇಸ್ತ್ರಿ. ನೀವೇ ಮಾಡಿ, ನಂಬರ್ ಹಾಕ್ಕೊಡ್ತೀನಿ.” ಮೇಸ್ತ್ರಿ ಬೇಡವೆಂದು ತಲೆಯಾಡಿಸಿದರು. ಆ ಕಡೆ ಫೋನು ಎತ್ತಿದರೋ ಇಲ್ಲವೋ ಎಂಬುದು ತಿಳಿಯದೆ ಯಾರೊಡನೆ ಮಾತಾಡುವುದು? “ಅವಳಿಗೆ ಕೆಲಸ ಇರುತ್ತಪ್ಪ,” ಎಂದರು. ಮಗಳಿಗೆ ಏನೋ ಸಿಟ್ಟು ಬಂದಿದೆಯೆಂದು ಅವರಿಗೆ ಗೊತ್ತಿತ್ತು. ಯಾಕೆಂದು ಗೊತ್ತಿರಲಿಲ್ಲ. ನಾಲ್ಕು ತಿಂಗಳು ಪ್ರತಿ ಭಾನುವಾರವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಆ ಬೆಂಚಿನ ಮೇಲೆ ಹತ್ತರಿಂದ ಹನ್ನೊಂದರವರೆಗೆ ಕುಳಿತು ಎದ್ದುಹೋಗುತ್ತಿದ್ದರು.

ನಿವೃತ್ತಿಗೆ ಐದು ತಿಂಗಳು ಉಳಿದಿದ್ದವು. ಅಷ್ಟು ದಿನ ಹೇಗೋ ದಾಟಿಬಿಟ್ಟರೆ ಮರ್ಯಾದೆಯಿಂದ ಹೊರಗೆ ನಡೆಯಬಹುದು ಎಂದು ಅವರು ದಿನ ನೂಕುತ್ತಿರುವಾಗ ಆ ಬುಧವಾರ ಬಂತು.

ಅಂದು ದಿಬ್ಬದ ಮೇಲೆ ಬಂದಿದ್ದವರು ಕಲಿಯುವವರಲ್ಲ; ಬೇರೆ ಬೇರೆ ಪಡೆಗಳಿಂದ ಆರಿಸಿದ, ಗುರಿ ತಪ್ಪದ ಕೈಗಳು. ಅವರ ಪೈಪೋಟಿ ನೋಡಲು ಮೇಲಿನ ಅಧಿಕಾರಿಗಳೂ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಮೀಸೆಯ ಸಾಹೇಬರು ಗಡಿಯಾರ ನೋಡುತ್ತ ಓಡಾಡುತ್ತಿದ್ದರು. ಮೇಸ್ತ್ರಿ ಸೈಕಲ್ ಹತ್ತಿ ಒಂದೊಂದೇ ಟ್ಯಾಂಕನ್ನು ಮುಗಿಸಿಕೊಂಡು ಬಂದರು. ಐದಾಯಿತು. ದೊಡ್ಡಮ್ಮನ ಬಳಿಗೆ ಬಂದಾಗ ಪಾರಿವಾಳಗಳೆರಡೂ ಅತ್ತ ಒಂದು ಗೂಟದ ಮೇಲೆ ಕುಳಿತದ್ದು ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಮೊಣಕಾಲು ನೋವು. ಸರಪಳಿ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಎಡಗೈ ಉಕ್ಕಿನ ಮೇಲೆ ಊರಿ, ಕಂಡಿಯೊಳಗೆ ತಲೆಯಿಟ್ಟು ಕೂಗಿದರು.

“ಒಳಗೆ ಯಾರಾದ್ರೂ ಇದ್ದೀರಾ? ಇದ್ರೆ ಹೇಳಿ!”

ಮೂರು ಸಲ ಕೂಗಿದರು. ಇಪ್ಪತ್ತರವರೆಗೆ ಎಣಿಸಿದರು. ಅಂಗೈಗೆ ಏನೋ ಸಣ್ಣಗೆ ಜುಮ್ಮೆಂದ ಹಾಗಾಯಿತು. ಗಾಳಿಗೆ ತಗಡು ಅಲುಗಿರಬೇಕು. “ಸರಿ,” ಎಂದು ತಮಗೆ ತಾವೇ ಹೇಳಿಕೊಂಡು ಗೀಟು ಎಳೆದು ಇಳಿದರು. ಉಳಿದ ಐದನ್ನೂ ಮುಗಿಸಿ ಗೋಪುರಕ್ಕೆ ಬಂದು, “ಹನ್ನೊಂದೂ ಖಾಲಿ ಸಾಹೇಬ್ರೆ” ಎಂದು ವರದಿ ಒಪ್ಪಿಸಿದರು. ಸಾಹೇಬರು ತಲೆಯಾಡಿಸಿ ಕೆಂಪು ಬಾವುಟದ ಹಗ್ಗ ಹಿಡಿದಿದ್ದ ಸೈನಿಕನ ಕಡೆ ತಿರುಗಿದರು. ಕೆಂಪು ಬಾವುಟ ಏರಿದರೆ ಫಿರಂಗಿ ಬಾಯಿ ತೆರೆಯುತ್ತದೆ.

ಮೇಸ್ತ್ರಿ ಮೂಲೆಯಲ್ಲಿ ನಿಂತು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಿದ್ದರು. ಆಗ ಗೂಟದ ಮೇಲಿನ ಪಾರಿವಾಳಗಳು ಮನಸ್ಸಿಗೆ ಬಂದವು.

ಇವತ್ತು ನಾನು ಕೂಗಿದಾಗ ಏನೂ ಹಾರಲಿಲ್ಲ.

ಗೂಡಿನಲ್ಲಿ ಎರಡು ಮೊಟ್ಟೆಯಿದ್ದದ್ದನ್ನು ಎಂಟು ದಿನದ ಹಿಂದೆ ಬಣ್ಣ ಬಳಿಯುವಾಗ ಅವರೇ ಕಂಡಿದ್ದರು. ಮೊಟ್ಟೆಯ ಮೇಲೆ ಕೂತ ಹಕ್ಕಿ ತಾನಾಗಿ ಎದ್ದು ಹೊರಗೆ ಬಿಸಿಲಿನಲ್ಲಿ ಕೂರುವುದಿಲ್ಲ. ಜೋಡಿಯಾಗಿಯಂತೂ ಕೂರುವುದೇ ಇಲ್ಲ. ಅವರಿಗಿಂತ ಮುಂಚೆ ಯಾರೋ ಅವನ್ನು ಎಬ್ಬಿಸಿದ್ದಾರೆ. ಅಂಗೈಗೆ ಜುಮ್ಮೆಂದದ್ದು? ಅಂದು ಗಾಳಿಯೇ ಇರಲಿಲ್ಲ. ಗೋಪುರದ ಮೇಲೆ ಇನ್ನೂ ಏರಿಸದ ಬಾವುಟ ಅಲುಗದೆ ನೇತಾಡುತ್ತಿತ್ತು.

ಹಾವಿರಬಹುದು, ಬೆಕ್ಕಿರಬಹುದು. ಹಾವಾದರೆ ಐದು ತಿಂಗಳ ಮರ್ಯಾದೆ ಒಂದು ಹಾವಿಗಾಗಿ ಹೋದಂತೆ. ಸೀಮೆಸುಣ್ಣದ ಡಬ್ಬಿ ಮರೆತು ಬಂದೆ, ಇನ್ನೊಮ್ಮೆ ಹೋಗಿ ಬರುತ್ತೇನೆ ಎನ್ನೋಣವೆ? ಆ ಸುಳ್ಳು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಹೋಗಿ ಮಾಡುವುದೇನು? ಮತ್ತೆ ಕೂಗುವುದು, ಮತ್ತೆ ಇಪ್ಪತ್ತು ಎಣಿಸುವುದು, ಮತ್ತೆ ಅದೇ ನಿಶ್ಶಬ್ದ. ನೂರು ಸಲ ಹೋದರೂ ತಮ್ಮ ಪಾಲಿಗೆ ಆ ಟ್ಯಾಂಕು ಖಾಲಿಯೇ. ಅಲ್ಲಿಗೆ ಹೋಗಬೇಕಾದದ್ದು ಕಿವಿಯಿರುವ ಒಬ್ಬ ಮನುಷ್ಯ.

ಸೈನಿಕ ಹಗ್ಗ ಬಿಚ್ಚಿದ.

“ಸಾಹೇಬ್ರೆ, ಬಾವುಟ ಏರಿಸ್ಬೇಡಿ!”

ಮೀಸೆ ಅಲುಗಿತು. ಏನೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಗೋಪುರದ ಫೋನು ನೋಡಿಕೊಳ್ಳುತ್ತಿದ್ದ ಸೈನಿಕನದು ನುಣ್ಣನೆಯ ಮುಖ. ಮೇಸ್ತ್ರಿ ಅವನ ತುಟಿ ನೋಡಿದರು. “ಯಾಕೆ ಅಂತ ಕೇಳ್ತಿದ್ದಾರೆ ಮೇಸ್ತ್ರಿ.”

“ಆರನೇದರಲ್ಲಿ ಯಾರೋ ಇದ್ದಾರೆ ಅನ್ಸುತ್ತೆ.”

ಮೀಸೆ ಮತ್ತೆ ಅಲುಗಿತು. ಈ ಸಲ ಹುಬ್ಬೂ ಸೇರಿತು. “ಈಗ ತಾನೆ ಖಾಲಿ ಅಂದ್ರಿ. ಕೂಗಿದ್ರಲ್ಲ, ಉತ್ತರ ಬಂತಾ ಅಂತ,” ಎಂದ ಫೋನಿನವನು.

ಮೇಸ್ತ್ರಿ ಸಾಹೇಬರ ಕಡೆ ತಿರುಗಿದರು. “ಬಂದಿದ್ರೂ ನನಗೆ ಗೊತ್ತಾಗಲ್ಲ ಸಾಹೇಬ್ರೆ. ನನಗೆ ಕಿವಿ ಕೇಳಿಸಲ್ಲ. ಎರಡೂ ಹೋಗಿವೆ. ನಾಲ್ಕು ವರ್ಷ ಆಯ್ತು.”

ಆ ಮಾತು ಎಷ್ಟು ಜೋರಾಗಿ ಹೊರಟಿತೋ ಅವರಿಗೇ ತಿಳಿಯದು. ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದ ದೊಡ್ಡ ಅಧಿಕಾರಿಗಳೆಲ್ಲ ತಲೆಯೆತ್ತಿ ನೋಡಿದರು.

ಸಾಹೇಬರ ಮುಖ ಬಿಳಿಚಿಕೊಂಡಿತು. ನಾಲ್ಕು ವರ್ಷ ಎಂದರೆ ಎಷ್ಟು ಗುಂಡಿನ ದಿನಗಳೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು. ಬೈಯಲಿಲ್ಲ. ಹಗ್ಗದವನಿಗೆ ಕೈ ಅಡ್ಡ ಹಿಡಿದು, ಮೇಸ್ತ್ರಿಯ ತೋಳು ಹಿಡಿದುಕೊಂಡೇ ಮೆಟ್ಟಿಲಿಳಿದು ಜೀಪು ಹತ್ತಿಸಿದರು.

ದೊಡ್ಡಮ್ಮನ ಮೇಲೆ ಸಾಹೇಬರೇ ಹತ್ತಿದರು. ಮೇಸ್ತ್ರಿ ಕೆಳಗೆ ನಿಂತು ಎರಡು ಅಂಗೈಯನ್ನೂ ಉಕ್ಕಿಗೆ ಒತ್ತಿ ಹಿಡಿದರು. ಸಾಹೇಬರು ಕೂಗಿದ್ದು ಅಂಗೈಗೆ ಬಂತು. ಆಮೇಲೆ ಟಕ್, ಟಕ್, ಟಕ್ ಎಂದು ಇನ್ನೊಂದು ನಡುಕ ಬಂತು. ಸಾಹೇಬರ ಬೆನ್ನು ಬಿಲ್ಲಿನ ಹಾಗೆ ಸೆಟೆದದ್ದನ್ನು ನೋಡಿದ ಮೇಲೆ ಮೇಸ್ತ್ರಿ ಅಲ್ಲೇ ಚಕ್ರದ ಮೇಲೆ ಕುಳಿತುಬಿಟ್ಟರು.

ಇಬ್ಬರು ಸೈನಿಕರು ಬಂದು ಮುಂದಿನ ತಗಡನ್ನು ಹಾರೆಯಿಂದ ಮೀಟಿದರು. ಹೊರಗೆ ಬಂದದ್ದು ಗುಜರಿ ಆಯುವ ಒಬ್ಬ ಮುದುಕಿ. ಹಿತ್ತಾಳೆಯ ಚೂರಿಗೆ ಆಸೆಪಟ್ಟು ಚಾಲಕನ ಗುಂಡಿಗೆ ಇಳಿದಿದ್ದಳು. ಹರಿದ ತಗಡಿಗೆ ಕಾಲು ಸಿಕ್ಕಿಕೊಂಡು ಮೇಲೇಳಲಾಗದೆ ಉಳಿದಿದ್ದಳು. ಒಂದು ಚೊಂಬು ನೀರು ಕುಡಿದದ್ದೇ ತಡ, ಮೇಸ್ತ್ರಿಯ ಕಡೆ ಕೈಚಾಚಿ ಶುರುಮಾಡಿದಳು. ಹಲ್ಲಿಲ್ಲದ ಬಾಯಿ, ಒಂದಕ್ಷರವೂ ಓದಲಾಗಲಿಲ್ಲ. ಬೈಗುಳವೆಂಬುದಂತೂ ಕೈಯಲ್ಲೇ ಕಾಣುತ್ತಿತ್ತು.

“ಏನಂತೆ?” ಎಂದು ಮೇಸ್ತ್ರಿ ಸಾಹೇಬರ ಮುಖ ನೋಡಿದರು.

ಸಾಹೇಬರು ಏನೋ ಹೇಳಹೊರಟು, ನೆನಪಾಗಿ, ಮೇಸ್ತ್ರಿಯ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ದೊಡ್ಡಮ್ಮನ ಮೈಮೇಲೆ, ಮೇಸ್ತ್ರಿ ಎಳೆದಿದ್ದ ಗೀಟಿನ ಕೆಳಗೆ, ದುಂಡಗೆ ಬರೆದರು:

‘ಇದ್ದೀಯಾ ಇದ್ದೀಯಾ ಅಂತ ಮೂರು ಸಲ ಕೇಳಿದ. ನಾನು ಇದ್ದೀನಪ್ಪಾ, ಕಾಲು ಸಿಕ್ಕಿಕೊಂಡಿದೆ ಅಂತ ಮೂರು ಸಲವೂ ಹೇಳಿದೆ. ಸರಿ ಅಂತ ಹೇಳಿ ಹೊರಟೇಹೋದ.’

ಮೇಸ್ತ್ರಿ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಮುದುಕಿ ತನ್ನ ಚೀಲ ಎಲ್ಲಿ ಎಂದು ಹುಡುಕಾಡುತ್ತಿದ್ದಳು. ಸಾಹೇಬರು ಆಕೆಯನ್ನು ಗದರಿಸಿ, ಕಾಲಿಗೆ ಪಟ್ಟಿ ಕಟ್ಟಿಸಿ, ಜೀಪಿನಲ್ಲಿ ಗೇಟಿನವರೆಗೆ ಕಳಿಸಿದರು. ಅಂದು ಪೈಪೋಟಿ ನಡೆಯಲಿಲ್ಲ. ಮೇಸ್ತ್ರಿ ಜೀಪು ಹತ್ತದೆ, ಸೈಕಲ್ಲೂ ಇಲ್ಲದೆ, ಬಯಲಿನಲ್ಲಿ ಒಬ್ಬರೇ ನಡೆದು ಮನೆಗೆ ಬಂದರು.

ವಿಚಾರಣೆ ಆಗದೆ ಇರುತ್ತದೆಯೆ? ಆಯಿತು. ‘ತಪ್ಪನ್ನು ತಾವಾಗಿಯೇ ಒಪ್ಪಿಕೊಂಡು ಒಂದು ಜೀವ ಉಳಿಸಿದ್ದಾರೆ’ ಎಂದು ಮೀಸೆಯ ಸಾಹೇಬರು ಬರೆದದ್ದರಿಂದ ಮನೆ ಉಳಿಯಿತು. ಕೂಗುವ ಕೆಲಸ ಹೋಯಿತು. ನಿವೃತ್ತಿಯವರೆಗೆ ಬಣ್ಣ ಬಳಿದು ಅಂಕಿ ಬರೆದುಕೊಂಡಿರಬೇಕು, ಬಯಲಿಗೆ ಹೋಗುವಾಗ ಒಬ್ಬ ಸೈನಿಕ ಜೊತೆಗಿರಬೇಕು ಎಂದು ಆಜ್ಞೆಯಾಯಿತು. ಆಸ್ಪತ್ರೆಯಲ್ಲಿ ಕಾಂಪೌಂಡರಿಗೆ ಚೆನ್ನಾಗಿ ಬಿಸಿ ಮುಟ್ಟಿತು. ಈಗ ಅವನು ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹೇಳುತ್ತಾನಂತೆ. ಹೇಳಿದ್ದು ಯಾವುದೆಂದು ತನಗೇ ಮರೆತು ಒದ್ದಾಡುತ್ತಾನಂತೆ. ಗೇಟಿನವನು ಇದನ್ನೆಲ್ಲ ಒಂದು ಪಾಟಿಯ ಮೇಲೆ ಬರೆದು ತೋರಿಸಿದ. ಕೊನೆಯಲ್ಲಿ, ‘ನನಗಾದ್ರೂ ಹೇಳ್ಬಾರದಿತ್ತಾ? ಇಷ್ಟು ವರ್ಷ ನಾನು ಹೇಳಿದ ತಮಾಷೆಯೆಲ್ಲ ದಂಡವಾಯ್ತಲ್ಲ!’ ಎಂದು ಬರೆದಿದ್ದ.

“ನಕ್ಕಿದ್ದೀನಲ್ಲಪ್ಪ ಎಲ್ಲದಕ್ಕೂ,” ಎಂದರು ಮೇಸ್ತ್ರಿ.

ಆದರೆ ಮುದುಕಿಯ ಮಾತು ಸೀಮೆಸುಣ್ಣದ ಅಕ್ಷರವಾಗಿ ಅವರ ಕಣ್ಣಿನಲ್ಲೇ ಉಳಿಯಿತು. ವಿಚಾರಣೆ ಮುಗಿದ ಮೇಲಿನ ಮೊದಲ ಭಾನುವಾರ ಅಭ್ಯಾಸದಂತೆ ಇಸ್ತ್ರಿ ಅಂಗಿ ತೊಟ್ಟು ಗೇಟಿನ ಬೆಂಚಿನ ಮೇಲೆ ಕುಳಿತು ಎದುರಿಗಿದ್ದ ಕಪ್ಪು ಫೋನನ್ನು ನೋಡುತ್ತಿದ್ದರು. ಇಪ್ಪತ್ತರವರೆಗೆ ಎಣಿಸುವುದು. ಒಳ್ಳೇದಾಯ್ತು ಬಿಡು ಎನ್ನುವುದು. ಆ ಇಪ್ಪತ್ತರೊಳಗೆ ಮಗಳು ಏನೇನು ಹೇಳಿದ್ದಾಳೋ! ಗೇಟಿನವನ ಪಾಟಿಯ ಮೇಲೆ ‘ಒಂದು ಹಾಳೆ ಕೊಡು’ ಎಂದು ತಾವೂ ಬರೆದರು. ಬಾಯಿಂದಲೇ ಕೇಳಬಹುದಿತ್ತು, ಅದು ಅವರಿಗೆ ಹೊಳೆಯಲೇ ಇಲ್ಲ.

ಪತ್ರ ದೊಡ್ಡದೇನಲ್ಲ. ‘ಮಗಳೆ, ನನಗೆ ನಾಲ್ಕು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ನಿನ್ನಮ್ಮನಿಗೆ ಮಾತ್ರ ಗೊತ್ತಿತ್ತು. ಫೋನಿನಲ್ಲಿ ನೀನು ಹೇಳಿದ್ದು ಒಂದು ಮಾತೂ ನನಗೆ ತಿಳಿದಿಲ್ಲ. ಕೊನೆಯ ಸಲ ಏನು ಹೇಳಿದ್ದೆ? ಬರೆದು ತಿಳಿಸು. ಬೈಯುವುದಿದ್ದರೆ ಅದನ್ನೂ ಬರೆ, ಓದುತ್ತೇನೆ.’

ಒಂಬತ್ತನೆಯ ದಿನ ಉತ್ತರ ಬಂತು. ಮೇಸ್ತ್ರಿ ಆಗ ದೊಡ್ಡಮ್ಮನ ನೆರಳಿನಲ್ಲಿ ಕುಳಿತು ಬಣ್ಣ ಕಲಸುತ್ತಿದ್ದರು. ಜೊತೆಗೆ ಬಂದ ಸೈನಿಕ ಅತ್ತ ಬೋಳಣ್ಣನ ಕಡೆ ಮುಖ ಮಾಡಿ ಬೀಡಿ ಸೇದುತ್ತಿದ್ದ. ಕೈ ಒರೆಸಿಕೊಂಡು ಪತ್ರ ಬಿಚ್ಚಿದರು.

‘ಅಪ್ಪಾ, ಅವತ್ತು ನಾನು ಹೇಳಿದ್ದು ಇಷ್ಟು. ಮಗು ನಿಲ್ಲಲಿಲ್ಲ, ಐದನೇ ತಿಂಗಳಿಗೇ ಹೋಯಿತು ಎಂದೆ. ಒಳ್ಳೇದಾಯ್ತು ಬಿಡು ಎಂದೆ ನೀನು. ಆಮೇಲೆ ಈ ಸಲದ ಬಣ್ಣ ನೀರು ನೀರಾಗಿದೆ ಎಂದೆ. ನಾನು ಫೋ‌ನಿಟ್ಟೆ. ಬಸುರಿ ಎಂದು ಹೇಳಿದಾಗಲೂ ನೀನು ಅದೇ ಮಾತು ಹೇಳಿದ್ದೆ. ಆಗ ಅದು ಸರಿಯಾಗಿತ್ತು, ಅದಕ್ಕೇ ನನಗೆ ಅನುಮಾನ ಬರಲಿಲ್ಲ. ನಾಲ್ಕು ತಿಂಗಳು ನಿನ್ನನ್ನು ಏನೆಂದೆಲ್ಲ ಅಂದುಕೊಂಡೆನೋ ಅದನ್ನು ಬರೆಯುವುದಿಲ್ಲ. ಹದಿನೈದನೇ ತಾರೀಕು ಬರುತ್ತೇನೆ. ನಾನು ಬಾಗಿಲು ತಟ್ಟಿದರೆ ನಿನಗೆ ಕೇಳಿಸದು. ತೆಗೆದಿಟ್ಟಿರು.’

ಮೇಸ್ತ್ರಿ ಪತ್ರವನ್ನು ಮಡಿಸಿದರು. ಬಿಚ್ಚಿದರು. ಮೊದಲ ಎರಡು ಸಾಲನ್ನು ಬೆರಳಿಟ್ಟು ಮತ್ತೆ ಓದಿದರು. ಕೈಬೆರಳಿನ ಬಿಳಿ ಬಣ್ಣ ‘ಮಗು’ ಎಂಬ ಅಕ್ಷರದ ಮೇಲೆ ಮೆತ್ತಿಕೊಂಡಿತು. ಅದನ್ನು ಒರೆಸಹೋಗಿ ಇನ್ನಷ್ಟು ಹರಡಿಕೊಂಡರು. ಮೇಲೆ ಕಂಡಿಯ ಬಳಿ ಪಾರಿವಾಳವೊಂದು ಬಂದು ಕುಳಿತು ಕತ್ತು ಕೊಂಕಿಸಿ ನೋಡಿ, ಒಳಕ್ಕೆ ಇಳಿಯಿತು. ಅವರು ಬಹಳ ಹೊತ್ತು ಉಕ್ಕಿಗೆ ಬೆನ್ನು ಕೊಟ್ಟು ಕುಳಿತೇ ಇದ್ದರು. ಕಲಸಿದ ಬಣ್ಣ ಕೆನೆಗಟ್ಟಿತು. ಸೈನಿಕ ಬಂದು ಭುಜ ಮುಟ್ಟಿದಾಗ ಎದ್ದು, ಸೈಕಲ್ ತಳ್ಳಿಕೊಂಡು ಮನೆಯ ಕಡೆ ಹೊರಟರು.

ಸಂಜೆ ಗೇಟಿನವನು ಪಾಳಿ ಮುಗಿಸಿ ಸಾಲು ಮನೆಗಳ ಮುಂದೆ ಹಾದುಹೋಗುವಾಗ ಮೇಸ್ತ್ರಿಯ ಮನೆಯ ಬಾಗಿಲು ಹಾರುಹೊಡೆದಿತ್ತು. ಅದು ತಾನಾಗಿ ಮುಚ್ಚಿಕೊಳ್ಳದಂತೆ ಬುಡಕ್ಕೆ ಬಣ್ಣದ ತುಂಬು ಡಬ್ಬಿಯೊಂದನ್ನು ಒತ್ತಾಗಿ ಇಟ್ಟಿತ್ತು. ಮೇಸ್ತ್ರಿ ಒಳಗೆ, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮಗಳು ಹದಿನೈದಕ್ಕೆ ಬರುತ್ತಾಳೆಂದು ಮೇಸ್ತ್ರಿಯಿಂದ ತಿಳಿದುಕೊಂಡು ಗೇಟಿನವನು ಬೆರಳು ಮಡಿಸಿ ತೋರಿಸುತ್ತ, ತುಟಿ ಅಗಲಿಸಿ ಅಗಲಿಸಿ ಹೇಳಿದ: “ಇನ್ನೂ ಆರು ದಿನ ಇದೆಯಲ್ಲ ಮೇಸ್ತ್ರಿ! ಈಗಲೇ ಯಾಕೆ ತೆಗೆದಿಟ್ರಿ? ನಾಯಿ ನುಗ್ಗುತ್ತೆ.”

ಮೇಸ್ತ್ರಿಗೆ ‘ಒಳ್ಳೇದಾಯ್ತು ಬಿಡು’ ಎಂಬ ಮಾತು ಬಾಯಿಯವರೆಗೂ ಬಂತು. ಅದನ್ನು ನುಂಗಿಕೊಂಡರು.

“ಬರಲಿ. ನಾನು ನೋಡ್ತಾ ಇರ್ತೀನಿ,” ಎಂದರು.